ಭಾನುವಾರ ಇಲ್ಲದ ಕೆಮ್ಮು

ವಾರವೆಲ್ಲ ಕೆಮ್ಮು, ತಲೆನೋವು, ಕಣ್ಣುರಿ. ರಜೆ ಬಂತೆಂದರೆ ಎಲ್ಲ ಮಾಯ! ಇದು ಶೀತವೂ ಅಲ್ಲ, ಯಾರದೋ ದೃಷ್ಟಿಯೂ ಅಲ್ಲ. ಕೆಲಸದ ಜಾಗದಲ್ಲಿ ದಿನಕ್ಕೆ ಎಂಟು-ಒಂಬತ್ತು ಗಂಟೆ ನೀವು ಉಸಿರಾಡುವ ಗಾಳಿಯನ್ನು ಒಮ್ಮೆ ವಿಚಾರಿಸಿಕೊಳ್ಳಿ.

ನಮ್ಮ ಬೀದಿಯ ಕೊನೆಯ ವಠಾರದಲ್ಲಿ ಒಬ್ಬ ಹೆಣ್ಣುಮಗಳಿದ್ದಾಳೆ. ವಯಸ್ಸು ಮೂವತ್ತೆರಡು. ಹೆಸರು ಬೇಡ, ಬರೆದರೆ ಅವಳ ಕೆಲಸಕ್ಕೆ ಕುತ್ತು. ಬೆಳಿಗ್ಗೆ ಐದಕ್ಕೆ ಎದ್ದು, ನೀರು ಹಿಡಿದು, ಮಕ್ಕಳಿಗೆ ಡಬ್ಬಿ ಕಟ್ಟಿ, ಎಂಟೂಕಾಲಿನ ಕಂಪನಿ ವ್ಯಾನು ಹತ್ತಿದರೆ ಮನೆಗೆ ಬರುವುದು ರಾತ್ರಿ ಏಳಕ್ಕೆ. ಕೇಳಿದರೆ ಒಂದೇ ಮಾತು, 'ಗಾರ್ಮೆಂಟ್ಸ್‌ಗೆ ಹೋಗ್ತೀನಿ ಅಕ್ಕ.'

ಒಂದು ವರ್ಷದಿಂದ ಅವಳಿಗೆ ಕೆಮ್ಮು. ಮೊದಲು ಮನೆಯಲ್ಲೇ ಶುಂಠಿ ಕಷಾಯ ಆಯಿತು. ಆಮೇಲೆ ಮೆಡಿಕಲ್ ಸ್ಟೋರಿನ ಸಿರಪ್ಪು, ಒಂದಲ್ಲ ಮೂರು ಬಾಟಲಿ. ಅತ್ತೆಗೆ ಟಿಬಿ ಇರಬಹುದೇ ಎಂಬ ದಿಗಿಲು. ಕಫ ಪರೀಕ್ಷೆ ಮಾಡಿಸಿದರು, ಏನೂ ಇಲ್ಲ. ದೇವಸ್ಥಾನಕ್ಕೆ ಹೋಗಿ ತಡೆ ಒಡೆಸಿಕೊಂಡು ಬಂದದ್ದೂ ಆಯಿತು. ಕೆಮ್ಮು ಮಾತ್ರ ಹೋಗಲಿಲ್ಲ.

ಕೊನೆಗೆ ಇಎಸ್‌ಐ ಡಿಸ್ಪೆನ್ಸರಿಗೆ ಹೊಸದಾಗಿ ಬಂದಿದ್ದ ಡಾಕ್ಟರಮ್ಮ ಕೇಳಿದ ಪ್ರಶ್ನೆ ಎರಡೇ. 'ಏನಮ್ಮಾ ಕೆಲಸ ಮಾಡೋದು ನೀನು? ರಜಾ ದಿನ ಕೆಮ್ಮು ಹೇಗಿರುತ್ತೆ?'

ಅವಳು ಯೋಚಿಸಿ ನೋಡಿದಳು. ಹೌದಲ್ಲ, ಭಾನುವಾರ ಕೆಮ್ಮೇ ಇರುವುದಿಲ್ಲ! ದೀಪಾವಳಿಗೆ ಊರಿಗೆ ಹೋಗಿದ್ದಾಗ ಐದು ದಿನ ನಿದ್ದೆ ಬಂದಿತ್ತು. ವಾಪಸ್ ಬಂದ ಮೇಲೆ ಸೋಮವಾರ ಸ್ವಲ್ಪ, ಬುಧವಾರ ಇನ್ನಷ್ಟು, ಶನಿವಾರ ಸಂಜೆ ಮೆಟ್ಟಿಲು ಹತ್ತುವಾಗ ಎದೆಯಲ್ಲಿ ಸುಂಯ್ ಎಂಬ ಸದ್ದು. ಅವಳ ಕೆಲಸ ಫಿನಿಷಿಂಗ್ ವಿಭಾಗದಲ್ಲಿ. ಸಿದ್ಧವಾದ ಶರಟಿನ ಮೇಲೆ ಎಣ್ಣೆ ಕಲೆ, ಪೆನ್ಸಿಲ್ ಗೆರೆ ಇದ್ದರೆ ಸ್ಪಾಟ್ ಗನ್ನಿನಿಂದ ಕೆಮಿಕಲ್ ಚಿಮ್ಮಿಸಿ ತೆಗೆಯುವುದು. ದಿನವಿಡೀ ಅದೇ. ಮುಖದಿಂದ ಒಂದು ಮೊಳ ದೂರದಲ್ಲಿ.

ಆ ಕೆಮಿಕಲ್‌ನ ಹೆಸರೇನು ಎಂದು ಡಾಕ್ಟರಮ್ಮ ಕೇಳಿದರಂತೆ. 'ಗೊತ್ತಿಲ್ಲ ಮೇಡಂ, ಬಿಳೀ ಕ್ಯಾನಲ್ಲಿ ಬರುತ್ತೆ. ನಾವು ಥಿನ್ನರ್ ಅಂತೀವಿ' ಎಂದಳಂತೆ ಇವಳು.

ಈ ಲೇಖನ ಆ 'ಗೊತ್ತಿಲ್ಲ'ದ ಬಗ್ಗೆ.

ಮುನ್ನೂರು ವರ್ಷದ ಹಳೆಯ ಪ್ರಶ್ನೆ

'ಏನು ಕೆಲಸ ಮಾಡುತ್ತೀರಿ?' ಎಂದು ರೋಗಿಯನ್ನು ಕೇಳಲೇಬೇಕು ಅಂತ ವೈದ್ಯರಿಗೆ ಹೇಳಿಕೊಟ್ಟವರು ಇಟಲಿಯ ಬರ್ನಾರ್ಡಿನೋ ರಮಾಝಿನಿ. 1700ರಲ್ಲಿ ಅವರು ಕಸುಬುದಾರರ ಕಾಯಿಲೆಗಳ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಅಗಸೆ, ಸೆಣಬಿನ ನಾರು ಬಿಡಿಸುವವರು ಧೂಳಿನಿಂದ ಕೆಮ್ಮಿ ಕೆಮ್ಮಿ ಸೊರಗುವುದನ್ನೂ ಅದರಲ್ಲಿ ದಾಖಲಿಸಿದರು. ಇಷ್ಟು ಹಳೆಯ ಪ್ರಶ್ನೆಯನ್ನು ನಮ್ಮ ಎಷ್ಟೋ ಕ್ಲಿನಿಕ್ಕುಗಳಲ್ಲಿ ಇವತ್ತಿಗೂ ಕೇಳುವುದಿಲ್ಲ. ಅವರು ಕೇಳದಿದ್ದರೆ ಚಿಂತೆಯಿಲ್ಲ, ನೀವೇ ಹೇಳಿ. 'ಡಾಕ್ಟ್ರೇ, ನಾನು ಇಂಥ ಕೆಲಸ ಮಾಡ್ತೀನಿ, ಇಂಥ ಪುಡಿ, ಇಂಥ ವಾಸನೆ ಇರುತ್ತೆ' ಎಂಬ ಒಂದು ಮಾತು ಮೂರು ಬಾಟಲಿ ಸಿರಪ್ಪನ್ನು ಉಳಿಸಬಲ್ಲದು.

ಹಾಲ್‌ನ ಗಾಳಿಯಲ್ಲಿ ಏನೇನಿದೆ?

ಬೀದಿಯ ಹೊಗೆ ಕಣ್ಣಿಗೆ ಕಾಣುತ್ತದೆ, ಮೂಗು ಮುಚ್ಚಿಕೊಳ್ಳುತ್ತೇವೆ. ನಾಲ್ಕು ಗೋಡೆಯ ಒಳಗಿನ ಗಾಳಿ ಹಾಗಲ್ಲ. ಬೆಂಗಳೂರಿನ ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆಯ ಗಾರ್ಮೆಂಟ್ಸ್‌ಗಳಲ್ಲಿ ದುಡಿಯುವವರಲ್ಲಿ ಹೆಚ್ಚಿನವರು ಹೆಂಗಸರು. ಒಂದು ಶರಟು ಅವರ ಕೈಯಲ್ಲಿ ದಾಟುವ ದಾರಿಯಲ್ಲೇ ನಾವೂ ಒಂದು ಸುತ್ತು ಬರೋಣ.

ಕಟಿಂಗ್: ಬಟ್ಟೆಯನ್ನು ಅಟ್ಟೆ ಹಾಸಿ ಮೆಷಿನ್ನಿನಲ್ಲಿ ಕತ್ತರಿಸುವಾಗ ಸಣ್ಣ ಸಣ್ಣ ಹತ್ತಿಯ ಎಳೆ ಹಾರುತ್ತದೆ. ಹೊಸ ಥಾನು ಬಿಚ್ಚಿದಾಗ ಘಾಟು ಹೊಡೆದು ಕಣ್ಣಲ್ಲಿ ನೀರು ಬರುವುದುಂಟು. ಸುಕ್ಕು ಬೀಳಬಾರದೆಂದು ಬಟ್ಟೆಗೆ ಕೊಡುವ ರಾಳದ ಲೇಪದಿಂದ ಹೊರಡುವ ಫಾರ್ಮಾಲ್ಡಿಹೈಡ್ ಅದಕ್ಕೆ ಕಾರಣ. ಇದು ಮನುಷ್ಯರಲ್ಲಿ ಕ್ಯಾನ್ಸರ್ ತರಬಲ್ಲದು ಎಂದು ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲೇ ತೀರ್ಮಾನಿಸಿತು. (ಹೊಸ ಬಟ್ಟೆಯನ್ನು ಒಗೆಯದೆ ತೊಡಬೇಡಿ ಎಂದು ನಾವು ಹೇಳುವುದು ಇದಕ್ಕೇ. ತೊಡುವವರಿಗೆ ಒಂದು ಅಂಗಿಯ ವಾಸನೆ, ಹೊಲಿಯುವವರಿಗೆ ದಿನಕ್ಕೆ ನೂರಾರು ಅಂಗಿಯದು.)

ಫ್ಯೂಸಿಂಗ್: ಕಾಲರ್, ಕಫ್ ಗಟ್ಟಿ ನಿಲ್ಲಲು ಒಳಪದರವನ್ನು ಬಿಸಿಯಲ್ಲಿ ಅಂಟಿಸುತ್ತಾರೆ. ಆ ಕಾವಿಗೆ ಅಂಟು ಕರಗಿ ಆವಿ ಏಳುತ್ತದೆ. ಸೆಖೆ ಬೇರೆ.

ಹೊಲಿಗೆ ಲೈನ್: ಓವರ್‌ಲಾಕ್ ಮೆಷಿನ್ ಬಟ್ಟೆಯ ಅಂಚನ್ನು ಕತ್ತರಿಸುತ್ತಲೇ ಹೊಲಿಯುತ್ತದೆ, ಧೂಳು ನೇರ ಮುಖಕ್ಕೆ. ಸಂಜೆ ಮೆಷಿನ್ ಕ್ಲೀನ್ ಮಾಡುವಾಗ ಏರ್‌ಗನ್ನಿನಿಂದ ಊದುತ್ತಾರಲ್ಲ, ಆ ಹತ್ತು ನಿಮಿಷ ಇಡೀ ದಿನದ ಧೂಳು ಮತ್ತೆ ಗಾಳಿಗೇರುತ್ತದೆ.

ಪ್ರಿಂಟಿಂಗ್: ಬಣ್ಣ, ಅಂಟು, ಸ್ಕ್ರೀನ್ ತೊಳೆಯುವ ದ್ರಾವಕ ಇಲ್ಲೇ ಹೆಚ್ಚು. ಬಣ್ಣ ಒಣಗಿಸುವ ಬಿಸಿ ಯಂತ್ರದಿಂದ ಇನ್ನಷ್ಟು ಆವಿ.

ಸ್ಪಾಟಿಂಗ್: ನಮ್ಮ ಹೆಣ್ಣುಮಗಳ ಜಾಗ. ಕಲೆ ತೆಗೆಯಲು ಬಳಸುವ ದ್ರಾವಕಗಳಲ್ಲಿ ಟ್ರೈಕ್ಲೋರೋಎಥಿಲೀನ್, ಪರ್‌ಕ್ಲೋರೋಎಥಿಲೀನ್‌ನಂಥವೂ ಇರುತ್ತವೆ. ಟ್ರೈಕ್ಲೋರೋಎಥಿಲೀನ್ ಮೂತ್ರಪಿಂಡದ ಕ್ಯಾನ್ಸರ್‌ಗೆ ಕಾರಣವೆಂದು 2012ರಲ್ಲಿ ಅದೇ ಸಂಸ್ಥೆ ಹೇಳಿತು. ತಕ್ಷಣಕ್ಕೆ ಕಾಣುವುದು ತಲೆಸುತ್ತು, ಓಕರಿಕೆ, ಒಂಥರಾ ಮತ್ತು ಬಂದ ಹಾಗೆ ಅನಿಸುವುದು, ಕೈ ಚರ್ಮ ಒಣಗಿ ಬಿರಿಯುವುದು.

ವಾಷಿಂಗ್: ಜೀನ್ಸ್‌ಗೆ ಹಳೆಯದರಂತೆ ಮಾಸಲು ನೋಟ ಕೊಡಲು ಪೊಟ್ಯಾಷಿಯಂ ಪರ್ಮಾಂಗನೇಟ್ ಸಿಂಪಡಿಸುವುದುಂಟು. ಕಣ್ಣಿಗೂ ಗಂಟಲಿಗೂ ಅದು ಉರಿ. ಕೆಲವು ದೇಶಗಳಲ್ಲಿ ಇದೇ ನೋಟಕ್ಕಾಗಿ ಮರಳನ್ನು ರಭಸದಿಂದ ಊದುತ್ತಿದ್ದರು. ಟರ್ಕಿಯಲ್ಲಿ ಎಳೆಯ ಹುಡುಗರಿಗೆ ಸಿಲಿಕೋಸಿಸ್ ಬಂದು ಶ್ವಾಸಕೋಶ ಕಲ್ಲಾಯಿತು, 2009ರಲ್ಲಿ ಅಲ್ಲಿನ ಸರ್ಕಾರ ಅದನ್ನು ನಿಷೇಧಿಸಿತು. ಜೀನ್ಸ್‌ಗೆ ಹೆಸರಾದ ನಮ್ಮ ಬಳ್ಳಾರಿಯವರು ಈ ಸಂಗತಿ ತಿಳಿದಿರುವುದು ಒಳ್ಳೆಯದು.

ಸೋಮವಾರವೋ ಶನಿವಾರವೋ?

ಕೆಮ್ಮು ಯಾವ ದಿನ ಜಾಸ್ತಿ ಎನ್ನುವುದರಲ್ಲಿ ಒಂದು ಗುಟ್ಟಿದೆ.

ನೂಲಿನ ಗಿರಣಿಯಲ್ಲಿ ಹತ್ತಿ ಬಿಡಿಸುವ, ಹಿಂಜುವ ಕಡೆ ಕೆಲಸ ಮಾಡುವವರಿಗೆ 'ಬಿಸಿನೋಸಿಸ್' ಎಂಬ ಕಾಯಿಲೆ ಬರುತ್ತದೆ. ಕಚ್ಚಾ ಹತ್ತಿಯ ಧೂಳಿನಲ್ಲಿರುವ ಬ್ಯಾಕ್ಟೀರಿಯಾಗಳ ವಿಷಾಂಶ ಶ್ವಾಸನಾಳವನ್ನು ಬಿಗಿಯುತ್ತದೆ. ಇದರ ಲಕ್ಷಣ ವಿಚಿತ್ರ. ವಾರದ ರಜೆ ಮುಗಿಸಿ ಬಂದ ಸೋಮವಾರವೇ ಎದೆ ಹೆಚ್ಚು ಬಿಗಿಯುವುದು, ಮಂಗಳವಾರ ಬುಧವಾರಕ್ಕೆ ಕಡಿಮೆಯಾಗುವುದು. ಹಾಗಾಗಿ 'ಅಭ್ಯಾಸ ಆಯ್ತು ಬಿಡಿ' ಎಂದುಕೊಳ್ಳುತ್ತಾರೆ. ವರ್ಷಗಳು ಕಳೆದಂತೆ ವಾರವಿಡೀ ಬಿಗಿ. ಆಮೇಲೆ ಕೆಲಸ ಬಿಟ್ಟರೂ ಹೋಗುವುದಿಲ್ಲ.

ರಾಸಾಯನಿಕಗಳಿಂದ ಬರುವ ಉಬ್ಬಸದ ನಡೆ ಸಾಮಾನ್ಯವಾಗಿ ಇದಕ್ಕೆ ಉಲ್ಟಾ. ಸೋಮವಾರ ಸ್ವಲ್ಪ, ದಿನ ಕಳೆದಂತೆ ಹೆಚ್ಚು, ರಜೆಯಲ್ಲಿ ಆರಾಮ. ಕೆಲವರಿಗೆ ಕೆಲಸದ ಹೊತ್ತಿನಲ್ಲಿ ಏನೂ ಆಗದೆ ರಾತ್ರಿ ಮಲಗಿದ ಮೇಲೆ ಕೆಮ್ಮು ಒತ್ತರಿಸಿಕೊಂಡು ಬರುತ್ತದೆ. ಹಾಗಾಗಿ ಕೆಲಸಕ್ಕೂ ಕೆಮ್ಮಿಗೂ ನಂಟಿದೆ ಎಂದು ಹೊಳೆಯುವುದೇ ಇಲ್ಲ. ಬೇಗ ಗುರುತಿಸಿ ಆ ವಸ್ತುವಿನಿಂದ ದೂರವಾದರೆ ಗುಣವಾಗುವ ಸಾಧ್ಯತೆ ಹೆಚ್ಚು. ತಡ ಮಾಡಿದಷ್ಟೂ ಉಬ್ಬಸ ಜೀವನಪೂರ್ತಿ ಗಂಟು ಬೀಳುತ್ತದೆ.

ಸ್ಪೇನ್‌ನ ಆ ಹುಡುಗಿಯರು

ಇದೆಲ್ಲ ದೊಡ್ಡದು ಮಾಡುವ ಮಾತು ಅಂದುಕೊಂಡಿರಾ? ಹಾಗಾದರೆ ಈ ಎರಡು ನಿಜ ಸಂಗತಿ ಕೇಳಿ.

ಸ್ಪೇನ್ ದೇಶದ ಆಲ್ಕೋಯ್ ಸುತ್ತಮುತ್ತ ಬಟ್ಟೆಗೆ ಬಣ್ಣ ಸಿಂಪಡಿಸಿ ಚಿತ್ತಾರ ಮೂಡಿಸುವ ಸಣ್ಣ ಸಣ್ಣ ಘಟಕಗಳಿದ್ದವು. ಕೆಲಸದವರಲ್ಲಿ ಹೆಚ್ಚಿನವರು ಎಳೆಯ ಹೆಣ್ಣುಮಕ್ಕಳು. 1992ರಲ್ಲಿ ಅವರಿಗೆ ಕೆಮ್ಮು, ಏದುಸಿರು ಶುರುವಾಯಿತು. ನೋಡನೋಡುತ್ತ ಆರು ಜನ ತೀರಿಕೊಂಡರು. ತನಿಖೆ ಮಾಡಿದಾಗ ತಿಳಿದದ್ದೇನು? ಆ ಬಣ್ಣದ ಮಿಶ್ರಣವನ್ನು ಸ್ಪಂಜು, ಬ್ರಷ್ಷಿನಲ್ಲಿ ಹಚ್ಚಿದಾಗ ಇಂಥ ತೊಂದರೆ ಕಂಡಿರಲಿಲ್ಲ. ಅದನ್ನೇ ಗನ್ನಿನಲ್ಲಿ ಸಿಂಪಡಿಸಿದಾಗ ಮಂಜಿನಂತಾಗಿ ಶ್ವಾಸಕೋಶದ ಆಳಕ್ಕೆ ಇಳಿದಿತ್ತು. ಗಾಳಿ ಹೊರಹೋಗುವ ವ್ಯವಸ್ಥೆ ಸರಿಯಿರಲಿಲ್ಲ.

ಇದರಲ್ಲಿ ನಮಗಿರುವ ಪಾಠ ಸ್ಪಷ್ಟ. ಕೆಮಿಕಲ್ ಹಳೆಯದೇ ಇರಬಹುದು, ಅದನ್ನು ಬಳಸುವ ರೀತಿ ಬದಲಾದರೆ ಅಪಾಯವೂ ಬದಲಾಗುತ್ತದೆ. 'ಇಷ್ಟು ವರ್ಷದಿಂದ ಇದೇ ಹಾಕ್ತಿದೀವಿ, ಏನೂ ಆಗಿಲ್ಲ' ಎಂಬ ಮಾತನ್ನು ನೆಚ್ಚಬೇಡಿ.

ಇನ್ನೊಂದು ಚೀನಾದ ಸುಝೌ ನಗರದ್ದು. ಅಲ್ಲಿನ ಒಂದು ಕಾರ್ಖಾನೆಯಲ್ಲಿ ಫೋನಿನ ಗಾಜು ಒರೆಸಲು ಆಲ್ಕೋಹಾಲ್ ಬದಲು ಎನ್-ಹೆಕ್ಸೇನ್ ಎಂಬ ದ್ರಾವಕ ತಂದರು. ಬೇಗ ಆರುತ್ತದೆ, ಕೆಲಸ ಚುರುಕಾಗುತ್ತದೆ ಎಂಬ ಲೆಕ್ಕ. ಸಾಕಷ್ಟು ಗಾಳಿಯಿಲ್ಲದ ಕೋಣೆಯಲ್ಲಿ ಅದನ್ನು ಉಸಿರಾಡಿದ 137 ಮಂದಿಗೆ ನರಗಳ ತೊಂದರೆಯಾಯಿತು. ಕೈಕಾಲು ಜೋಮು, ನಡೆಯಲಾಗದ ನಿಶ್ಶಕ್ತಿ. ಇಂದು ಕೋಲಾರದ ನರಸಾಪುರದ ಕಡೆಯೂ ಸಾವಿರಾರು ಹೆಣ್ಣುಮಕ್ಕಳು ಎಲೆಕ್ಟ್ರಾನಿಕ್ಸ್ ಜೋಡಣೆಯ ಕೆಲಸಕ್ಕೆ ಹೋಗುತ್ತಿದ್ದಾರೆ. ಬೆರಳ ತುದಿಯಲ್ಲಿ ಜೋಮು ಹಿಡಿಯುತ್ತಿದ್ದರೆ 'ರಕ್ತ ಕಡಿಮೆ' ಎಂದು ತಳ್ಳಿಹಾಕದೆ, ಯಾವ ದ್ರಾವಕ ಬಳಸುತ್ತಿದ್ದೀರಿ ಎಂದು ವೈದ್ಯರಿಗೆ ಹೇಳಿ. ಬೆಸುಗೆ ಹಾಕುವಾಗ ಏಳುವ ರಾಳದ ಹೊಗೆಯೂ ಉಬ್ಬಸ ತರಬಲ್ಲದು.

ಮನೆಯೇ ಕಾರ್ಖಾನೆಯಾದಾಗ

ದೊಡ್ಡ ಗೇಟು, ಸೈರನ್ನು ಇದ್ದರೆ ಮಾತ್ರ ಕಾರ್ಖಾನೆಯಲ್ಲ. ಬೆಂಗಳೂರು, ಮೈಸೂರಿನ ಎಷ್ಟೋ ಮನೆಗಳಲ್ಲಿ ಊದುಬತ್ತಿ ಹೊಸೆಯುತ್ತಾರೆ. ಇದ್ದಿಲ ಪುಡಿ, ಜಿಗಟಿನ ಪುಡಿ ಮೂಗಿನೊಳಗೆ ಕರೀ ಪದರವಾಗಿ ಕೂರುತ್ತದೆ. ದಕ್ಷಿಣ ಕನ್ನಡದ ಬೀಡಿ ಕಟ್ಟುವ ಅಕ್ಕಂದಿರಿಗೆ ತಂಬಾಕಿನ ಧೂಳು. ರಾಮನಗರ, ಶಿಡ್ಲಘಟ್ಟದ ಫಿಲೇಚರ್‌ಗಳಲ್ಲಿ ಗೂಡು ಬೇಯಿಸುವ ಒಲೆಯ ಹೊಗೆ, ಹುಳುವಿನ ವಾಸನೆ, ಹಬೆ. ರೇಷ್ಮೆಯ ಕೆಲಸದಲ್ಲಿ ಉಬ್ಬಸ ಬರುವುದು ವೈದ್ಯರಿಗೆ ಗೊತ್ತಿರುವ ಸಂಗತಿಯೇ.

ಮನೆಯಲ್ಲಿ ಮಾಡುವ ಕೆಲಸವಾದರೆ ಪುಡಿಯನ್ನು ಅಡುಗೆಮನೆಯಲ್ಲಿ, ಮಗುವಿನ ತೊಟ್ಟಿಲ ಪಕ್ಕದಲ್ಲಿ ಇಡಬೇಡಿ. ಪುಡಿ ಜರಡಿ ಹಿಡಿಯುವುದು, ಕಲಸುವುದು ಹಜಾರದಲ್ಲೋ ಜಗುಲಿಯಲ್ಲೋ ಆಗಲಿ. ಪೊರಕೆಯಲ್ಲಿ ಗುಡಿಸುವ ಬದಲು ಒದ್ದೆ ಬಟ್ಟೆಯಲ್ಲಿ ಒರೆಸಿ.

ನಂಬಿಕೆ ಹಲವು, ನಿಜ ಬೇರೆ

'ಬೆಲ್ಲ ತಿಂದರೆ ಧೂಳು ಇಳಿಯುತ್ತೆ.' ಎಷ್ಟೋ ಕಡೆ ಸಂಜೆ ಒಂದೊಂದು ಅಚ್ಚು ಬೆಲ್ಲ ಕೊಡುತ್ತಾರೆ. ತಿನ್ನಿ, ಬಾಯಿಗೆ ರುಚಿ. ಆದರೆ ಬೆಲ್ಲ ಹೋಗುವುದು ಹೊಟ್ಟೆಗೆ, ಧೂಳು ಕೂರುವುದು ಶ್ವಾಸಕೋಶದಲ್ಲಿ. ದಾರಿಗಳೇ ಬೇರೆ. ಹಾಲು, ಬಾಳೆಹಣ್ಣಿಗೂ ಇದೇ ಮಾತು. ಒಳ್ಳೆ ಗಾಳಿಯ ಬದಲಿಗೆ ಬೆಲ್ಲ ಆಗಲಾರದು.

'ವಾಸನೆ ಬರ್ತಿಲ್ಲ, ಅಂದ್ರೆ ಏನೂ ಇಲ್ಲ.' ಮೂಗು ಬೇಗ ಸೋಲುತ್ತದೆ. ಸೇರಿದ ದಿನ ತಲೆ ಸಿಡಿಸುತ್ತಿದ್ದ ವಾಸನೆ ವಾರದಲ್ಲಿ ಗೊತ್ತೇ ಆಗುವುದಿಲ್ಲ. ಕಾರ್ಬನ್ ಮಾನಾಕ್ಸೈಡ್‌ಗಂತೂ ವಾಸನೆಯೇ ಇಲ್ಲ. ಮುಚ್ಚಿದ ಕೋಣೆಯಲ್ಲಿ ಇದ್ದಿಲ ಒಲೆ, ಜನರೇಟರ್ ಓಡಿಸಬಾರದು ಎನ್ನುವುದು ಇದಕ್ಕಾಗಿ.

'ಫ್ಯಾನ್ ಹಾಕಿದಾರಲ್ಲ!' ತಲೆ ಮೇಲಿನ ಫ್ಯಾನು ಅದೇ ಗಾಳಿಯನ್ನು ಕಡೆಯುತ್ತದೆ ಅಷ್ಟೆ, ಹೊರಗೆ ಹಾಕುವುದಿಲ್ಲ. ಬೇಕಾದದ್ದು ಆವಿ ಏಳುವ ಮೇಜಿನ ಬಳಿಯೇ ಅದನ್ನು ಹೀರಿ ಹೊರಗೆ ಬಿಡುವ ಎಕ್ಸಾಸ್ಟ್. ಅದು ಗಾಳಿಯನ್ನು ನಿಮ್ಮ ಮುಖದಿಂದ ಆಚೆಗೆ ಎಳೆಯಬೇಕು. ನಿಮ್ಮ ಬೆನ್ನ ಹಿಂದೆ ಎಕ್ಸಾಸ್ಟ್ ಇದ್ದರೆ ಆವಿ ಮೊದಲು ನಿಮ್ಮ ಮೂಗನ್ನು ದಾಟಿಯೇ ಹೋಗುತ್ತದೆ!

'ಮಾಸ್ಕ್ ಕೊಟ್ಟಿದಾರೆ.' ಯಾವ ಮಾಸ್ಕು? ಬಟ್ಟೆಯದು, ನೀಲಿ ಬಣ್ಣದ ತೆಳು ಮಾಸ್ಕು ಸೂಕ್ಷ್ಮ ಧೂಳನ್ನು ಸರಿಯಾಗಿ ತಡೆಯುವುದಿಲ್ಲ. ಎನ್-95 ಧೂಳಿಗೆ ಒಳ್ಳೆಯದು, ಆದರೆ ಕೆಮಿಕಲ್ ಆವಿ ಅದರ ಮೂಲಕ ಸಲೀಸಾಗಿ ಒಳಬರುತ್ತದೆ. ಆವಿಗೆ ಇದ್ದಿಲಿನ ಫಿಲ್ಟರ್ ಇರುವ ಮಾಸ್ಕೇ ಬೇಕು. ಆ ಫಿಲ್ಟರನ್ನೂ ಕಾಲಕಾಲಕ್ಕೆ ಬದಲಿಸಬೇಕು. ಒಂದು ಮಾತು ನೆನಪಿಡಿ. ಮಾಸ್ಕು ಕೊನೆಯ ಉಪಾಯ. ಮೊದಲು ಅಪಾಯದ ಕೆಮಿಕಲ್ ಬಿಟ್ಟು ಸೋಪು ನೀರಿನಂಥ ಸೌಮ್ಯವಾದದ್ದು ಸಾಕಾಗುತ್ತದೆಯೇ ನೋಡಬೇಕು, ಆಮೇಲೆ ಎಕ್ಸಾಸ್ಟ್, ಆಮೇಲೆ ಸರದಿ ಮೇಲೆ ಕೆಲಸ ಹಂಚುವುದು, ಇಷ್ಟೆಲ್ಲ ಆದ ಮೇಲೆ ಮಾಸ್ಕು.

ನಮಗೇ ಯಾಕೆ ಹೆಚ್ಚು ಪೆಟ್ಟು?

ಹೆಂಗಸರ ಲೆಕ್ಕ ಕಾರ್ಖಾನೆಯ ಗೇಟಿನಲ್ಲಿ ಮುಗಿಯುವುದಿಲ್ಲ. ಮನೆಗೆ ಬಂದರೆ ಒಗ್ಗರಣೆಯ ಘಾಟು, ಕೆಲವರಿಗೆ ಇನ್ನೂ ಸೌದೆ ಒಲೆಯ ಹೊಗೆ. ಶ್ವಾಸಕೋಶಕ್ಕೆ ಬಿಡುವೇ ಇಲ್ಲ. ಟಾಯ್ಲೆಟ್ಟಿಗೆ ಹೋದರೆ ಟಾರ್ಗೆಟ್ ತಪ್ಪುತ್ತದೆಂದು ನೀರು ಕುಡಿಯುವುದನ್ನೇ ಬಿಡುವವರಿದ್ದಾರೆ. ಗಂಡಸರ ಮುಖದ ಅಳತೆಗೆ ಮಾಡಿದ ಮಾಸ್ಕು ನಮ್ಮ ಕೆನ್ನೆಯ ಪಕ್ಕ ಸಂದು ಬಿಡುತ್ತದೆ.

ಬಸುರಿಯಾಗಿದ್ದರಂತೂ ದ್ರಾವಕಗಳ ಹತ್ತಿರ ಸುಳಿಯಬಾರದು. ಅವು ತಾಯಿಯ ರಕ್ತದಿಂದ ಮಗುವಿಗೂ ದಾಟುತ್ತವೆ. ಗರ್ಭದ ಮೊದಲ ಮೂರು ತಿಂಗಳು ಬಹಳ ಮುಖ್ಯ, ಆದರೆ ನಮ್ಮಲ್ಲಿ ಹೆಚ್ಚಿನವರು ಮುಚ್ಚಿಡುವುದೂ ಆ ಮೂರು ತಿಂಗಳೇ. ಊರಿಗೆಲ್ಲ ಹೇಳುವುದು ಬೇಡ. ಡಾಕ್ಟರಿಂದ 'ಕೆಮಿಕಲ್ ಇರುವ ಕಡೆ ಕೆಲಸ ಬೇಡ' ಎಂದು ಬರೆಸಿಕೊಂಡು ಎಚ್‌ಆರ್‌ಗೆ ಕೊಟ್ಟು ಬೇರೆ ವಿಭಾಗ ಕೇಳಿ. ಮಗು ಬೇಕೆಂದು ಯೋಚಿಸುತ್ತಿರುವಾಗಲೇ ಕೇಳಿದರೆ ಇನ್ನೂ ಒಳ್ಳೆಯದು.

ನೀವೇನು ಮಾಡಬಹುದು?

* ಒಂದು ಚಿಕ್ಕ ನೋಟ್ ಪುಸ್ತಕ ಇಡಿ. ಯಾವ ದಿನ ಕೆಮ್ಮು, ತಲೆನೋವು, ಯಾವ ಹೊತ್ತು, ಅವತ್ತು ಏನು ಕೆಲಸ, ರಜಾ ದಿನ ಹೇಗಿತ್ತು. ನಾಲ್ಕು ವಾರ ಬರೆದರೆ ಸಾಕು, ಡಾಕ್ಟರಿಗೆ ಅದು ದೊಡ್ಡ ಸುಳಿವು.
* ಕ್ಯಾನಿನ ಮೇಲಿನ ಲೇಬಲ್ಲಿನ ಫೋಟೊ ತೆಗೆದುಕೊಳ್ಳಿ. ಮೊಬೈಲ್ ಒಳಗೆ ಬಿಡದಿದ್ದರೆ ಹೆಸರನ್ನು ಚೀಟಿಯಲ್ಲಿ ಬರೆದುಕೊಳ್ಳಿ. ಕೆಂಪು ಅಂಚಿನ ಚೌಕದಲ್ಲಿ ತಲೆಬುರುಡೆ ಇದ್ದರೆ ಕಡುವಿಷ, ಮನುಷ್ಯನ ಎದೆಯ ಮೇಲೆ ನಕ್ಷತ್ರದಂತೆ ಒಡೆದ ಗುರುತಿದ್ದರೆ ದೇಹದ ಒಳಗೆ ದೀರ್ಘಕಾಲದ ಹಾನಿ, ಬೆಂಕಿಯ ಚಿತ್ರವಿದ್ದರೆ ಉರಿಯುವಂಥದ್ದು ಎಂದರ್ಥ.
* ಪ್ರತಿ ಕೆಮಿಕಲ್ಲಿಗೂ 'ಸೇಫ್ಟಿ ಡೇಟಾ ಶೀಟ್' ಎಂಬ ಕಾಗದವಿರುತ್ತದೆ. ಅದರಲ್ಲಿ 16 ಭಾಗಗಳು. ಏನು ಅಪಾಯ, ಮೈಮೇಲೆ ಬಿದ್ದರೆ ಏನು ಮಾಡಬೇಕು, ಯಾವ ಮಾಸ್ಕು, ಯಾವ ಗ್ಲೌಸು ಎಂದೆಲ್ಲ ಬರೆದಿರುತ್ತದೆ. ಇಂಗ್ಲಿಷಿನಲ್ಲಿದ್ದರೆ ಕನ್ನಡದಲ್ಲಿ ಓದಿ ಹೇಳಿ ಎಂದು ಕೇಳಿ.
* ಕೆಮಿಕಲ್ಲನ್ನು ನೀರಿನ ಬಾಟಲಿಗೆ ತುಂಬಿಸಿಕೊಳ್ಳಬೇಡಿ, ಯಾರಾದರೂ ಬಾಯಾರಿ ಕುಡಿದಾರು. ಬಳಸದಿದ್ದಾಗ ಮುಚ್ಚಳ ಮುಚ್ಚಿ. ಒರೆಸಿದ ಬಟ್ಟೆಯನ್ನು ಮುಚ್ಚಳವಿರುವ ಡಬ್ಬಕ್ಕೇ ಹಾಕಿ.
* ಕೆಲಸದ ಮೇಜಿನ ಮೇಲೆ ಊಟ, ಟೀ ಬೇಡ. ತಿನ್ನುವ ಮೊದಲು ಕೈ, ಮುಖ ಸೋಪಿನಲ್ಲಿ ತೊಳೆಯಿರಿ.
* ಏರ್‌ಗನ್ ಬದಲು ವ್ಯಾಕ್ಯೂಮ್ ಅಥವಾ ಬ್ರಷ್ ಕೊಡಿ ಎಂದು ಕೇಳಿ. ಮೈಮೇಲಿನ ಧೂಳನ್ನು ಏರ್‌ಗನ್ನಿನಲ್ಲಿ ಊದಿಸಿಕೊಳ್ಳುವುದಂತೂ ಬೇಡವೇ ಬೇಡ.
* ಮನೆಗೆ ಬಂದ ತಕ್ಷಣ ಬಟ್ಟೆ ಬದಲಿಸಿ, ಆಮೇಲೆ ಮಗುವನ್ನು ಎತ್ತಿಕೊಳ್ಳಿ. ಆ ಬಟ್ಟೆ ಬೇರೆಯಾಗಿ ಒಗೆಯಿರಿ.
* ಎದೆ ಬಿಗಿದರೆ 'ಊದುವ ಪರೀಕ್ಷೆ' ಮಾಡಿಸಿ ಎಂದು ಡಾಕ್ಟರನ್ನು ಕೇಳಿ. ಪೀಕ್ ಫ್ಲೋ ಮೀಟರ್ ಎಂಬ ಸಣ್ಣ ಕೊಳವೆಯನ್ನು ಕೆಲಸದ ದಿನ ಮತ್ತು ರಜಾ ದಿನ ಊದಿ ಅಂಕಿ ಬರೆದಿಟ್ಟರೆ ವ್ಯತ್ಯಾಸ ಕಣ್ಣಿಗೇ ಕಾಣುತ್ತದೆ.
* ಒಬ್ಬಳೇ ಕೇಳಲು ಹೆದರಿಕೆಯಾದರೆ ನಾಲ್ಕು ಜನ ಸೇರಿ ಕೇಳಿ. ಇದು ಎಲ್ಲಕ್ಕಿಂತ ಮುಖ್ಯ.

ಉಸಿರು ಸಿಕ್ಕಿಕೊಂಡಂತಾದರೆ, ಯಾರಾದರೂ ತಲೆ ತಿರುಗಿ ಬಿದ್ದರೆ ಮೊದಲು ತೆರೆದ ಗಾಳಿಗೆ ಕರೆತಂದು ತಕ್ಷಣ ಆಸ್ಪತ್ರೆಗೆ ಕರೆದೊಯ್ಯಿರಿ. ಕೆಮಿಕಲ್ ಕ್ಯಾನಿನ ಹೆಸರೂ ಜತೆಗೆ ಹೋಗಲಿ.

ಕಾನೂನು ಏನು ಹೇಳುತ್ತೆ?

ಒಳ್ಳೆಯ ಗಾಳಿ ಕೊಡುವುದು ಮಾಲೀಕರ ಉಪಕಾರವಲ್ಲ, ಕರ್ತವ್ಯ. 1948ರ ಕಾರ್ಖಾನೆ ಕಾಯ್ದೆಯಲ್ಲೇ ಧೂಳು, ಹೊಗೆ ತೆಗೆಯಬೇಕು, ಗಾಳಿ ಆಡಬೇಕು ಎಂದಿತ್ತು. 1984ರ ಭೋಪಾಲ ದುರಂತದ ನಂತರ, 1987ರಲ್ಲಿ, ಅಪಾಯಕಾರಿ ಉದ್ಯಮಗಳಲ್ಲಿ ಅಪಾಯ ಏನೆಂದು ಕೆಲಸಗಾರರಿಗೆ ತಿಳಿಸಲೇಬೇಕು ಎಂಬುದೂ ಸೇರಿತು. 2025ರ ನವೆಂಬರ್ 21ರಿಂದ ಆ ಕಾಯ್ದೆಯ ಜಾಗಕ್ಕೆ 2020ರ ಔದ್ಯೋಗಿಕ ಸುರಕ್ಷತೆ, ಆರೋಗ್ಯ ಮತ್ತು ಕೆಲಸದ ಸ್ಥಿತಿಗತಿಗಳ ಸಂಹಿತೆ ಬಂದಿದೆ. ಇದರಲ್ಲೂ ಧೂಳು, ವಿಷಾನಿಲ, ಹೊಗೆ ಇಲ್ಲದ ವಾತಾವರಣ ಕೊಡಬೇಕೆಂದಿದೆ. ಸುರಕ್ಷತೆಯ ಬಗ್ಗೆ ಮಾಲೀಕರಿಂದ ಮಾಹಿತಿ ಕೇಳುವ ಹಕ್ಕು ಕೆಲಸಗಾರರಿಗಿದೆ. ಪ್ರಾಣಕ್ಕೆ ಅಪಾಯವೆಂದು ಅನಿಸಿದರೆ ಮಾಲೀಕರಿಗೂ ಸರ್ಕಾರಿ ಇನ್‌ಸ್ಪೆಕ್ಟರ್‌ಗೂ ಒಟ್ಟಿಗೆ ತಿಳಿಸಬಹುದು. ನಿಗದಿತ ವರ್ಗದ ಕೆಲಸಗಾರರಿಗೆ ವರ್ಷಕ್ಕೊಮ್ಮೆ ಉಚಿತ ಆರೋಗ್ಯ ತಪಾಸಣೆಯೂ ಉಂಟು.

ದೂರು ಕೊಡಬೇಕಾದರೆ ನಮ್ಮ ರಾಜ್ಯದಲ್ಲಿ 'ಕಾರ್ಖಾನೆಗಳು, ಬಾಯ್ಲರ್‌ಗಳು, ಕೈಗಾರಿಕಾ ಸುರಕ್ಷತೆ ಮತ್ತು ಸ್ವಾಸ್ಥ್ಯ ಇಲಾಖೆ' ಇದೆ. ಇಎಸ್‌ಐ ಕಾರ್ಡ್ ಇದ್ದವರು ಅದನ್ನು ಜ್ವರದ ಮಾತ್ರೆಗಷ್ಟೇ ಬಳಸಬೇಡಿ. ಹತ್ತಿ ಧೂಳಿನಿಂದ ಬರುವ ಬಿಸಿನೋಸಿಸ್, ಕೆಲಸದಿಂದ ಬರುವ ಉಬ್ಬಸ ಎರಡೂ ಔದ್ಯೋಗಿಕ ಕಾಯಿಲೆಗಳ ಪಟ್ಟಿಯಲ್ಲಿವೆ, ಪರಿಹಾರಕ್ಕೆ ದಾರಿಯಿದೆ. ಆದರೆ ಕಾಯಿಲೆ ಕೆಲಸದಿಂದಲೇ ಬಂದದ್ದು ಎಂದು ವೈದ್ಯರು ಕಾಗದದ ಮೇಲೆ ಬರೆದಿರಬೇಕು. ಅದಕ್ಕೇ ಚೀಟಿ, ರಿಪೋರ್ಟು ಒಂದನ್ನೂ ಬಿಸಾಡಬೇಡಿ.

ನೀವು ಕೇಳಬಹುದಾದ ಪ್ರಶ್ನೆಗಳು

*ನನಗೆ ಮೊದಲಿನಿಂದಲೂ ಅಲರ್ಜಿ ಇದೆ. ಗಾರ್ಮೆಂಟ್ಸ್ ಕೆಲಸಕ್ಕೆ ಹೋಗಬಾರದೇ?*
ಹೋಗಬಹುದು. ಸ್ಪಾಟಿಂಗ್, ಪ್ರಿಂಟಿಂಗ್, ಕಟಿಂಗ್ ಬದಲು ಧೂಳು, ಘಾಟು ಕಡಿಮೆಯಿರುವ ಚೆಕಿಂಗ್, ಪ್ಯಾಕಿಂಗ್ ಕೇಳಿ ನೋಡಿ. ಸೇರುವ ಮೊದಲು ಒಮ್ಮೆ ಊದುವ ಪರೀಕ್ಷೆ ಮಾಡಿಸಿ ಆ ರಿಪೋರ್ಟ್ ಇಟ್ಟುಕೊಳ್ಳಿ. ಮುಂದೆ ಹೋಲಿಸಿ ನೋಡಲು ಬೇಕಾಗುತ್ತದೆ.

*ಕಾಯಿಲೆ ಅಂತ ಹೇಳಿದರೆ ಕೆಲಸದಿಂದ ತೆಗೆದುಬಿಟ್ಟರೆ?*
ಈ ಭಯ ಸುಳ್ಳಲ್ಲ. ಆದ್ದರಿಂದ 'ನನಗೆ ಕಾಯಿಲೆ' ಎಂದು ಶುರು ಮಾಡದೆ, 'ನಮ್ಮ ಟೇಬಲ್ ಹತ್ತಿರ ಎಕ್ಸಾಸ್ಟ್ ಬೇಕು ಸಾರ್' ಎಂದು ಶುರು ಮಾಡಿ. ಬರವಣಿಗೆಯಲ್ಲಿ ಕೊಟ್ಟು ಒಂದು ಪ್ರತಿ ಇಟ್ಟುಕೊಳ್ಳಿ. ಸುರಕ್ಷತಾ ಸಮಿತಿ, ಯೂನಿಯನ್ ಇದ್ದರೆ ಅವರ ಮೂಲಕ ಹೋಗಿ.

*ಇನ್‌ಹೇಲರ್ ಅಭ್ಯಾಸ ಆಗಿಬಿಡುತ್ತಂತೆ, ಹೌದಾ?*
ಇಲ್ಲ. ವೈದ್ಯರು ಹೇಳಿದ ಪ್ರಮಾಣದಲ್ಲಿ ತೆಗೆದುಕೊಂಡರೆ ಅದು ಚಟವಾಗುವುದಿಲ್ಲ. ಆದರೆ ಬೆಳಿಗ್ಗೆ ಇನ್‌ಹೇಲರ್ ಹೀರಿ, ಮಧ್ಯಾಹ್ನ ಅದೇ ಆವಿ ಕುಡಿದರೆ ಏನು ಬಂತು? ಮದ್ದಿನ ಜತೆ ಗಾಳಿಯೂ ಸರಿಯಾಗಬೇಕು.

ಆ ಕುರ್ಚಿ ಖಾಲಿ ಇಲ್ಲ

ನಮ್ಮ ವಠಾರದ ಹೆಣ್ಣುಮಗಳ ಕತೆ ಎಲ್ಲಿಗೆ ಬಂತು? ಡಾಕ್ಟರಮ್ಮ ಚೀಟಿ ಬರೆದುಕೊಟ್ಟರು. ಸೂಪರ್‌ವೈಸರ್ ಮೊದಲು ಗೊಣಗಿದರೂ ಅವಳನ್ನು ಚೆಕಿಂಗ್‌ಗೆ ಹಾಕಿದರು. ಎರಡು ತಿಂಗಳಲ್ಲಿ ಕೆಮ್ಮು ಅರ್ಧಕ್ಕರ್ಧ ಇಳಿದಿದೆ, ಮೆಟ್ಟಿಲು ಹತ್ತಿದರೆ ಸುಂಯ್‌ಗುಟ್ಟುವುದಿಲ್ಲ.

'ಒಳ್ಳೇದಾಯ್ತಲ್ಲಮ್ಮ' ಅಂದೆ.

ಅವಳ ಮುಖ ಸಪ್ಪಗಿತ್ತು. 'ನನಗೇನೋ ಒಳ್ಳೇದಾಯ್ತು ಅಕ್ಕ. ನನ್ನ ಜಾಗಕ್ಕೆ ಚಾಮರಾಜನಗರದ ಕಡೆಯ ಹುಡುಗಿ ಹಾಕಿದಾರೆ. ಹತ್ತೊಂಬತ್ತು ವರ್ಷ. ಮೊನ್ನೆ ಊಟದ ಹೊತ್ನಲ್ಲಿ ಕೆಮ್ತಿದ್ಲು.'

ಮುಂದಿನ ವಾರ ಅವಳು, ಆ ಹುಡುಗಿ, ಫಿನಿಷಿಂಗಿನ ಇನ್ನಿಬ್ಬರು ಸೇರಿ ಒಂದು ಅರ್ಜಿ ಬರೆದರು. ಸ್ಪಾಟಿಂಗ್ ಟೇಬಲ್ಲಿಗೆ ಎಕ್ಸಾಸ್ಟ್ ಬೇಕು, ಕ್ಯಾನಿನ ಮೇಲೆ ಹೆಸರು ಬೇಕು, ಎರಡು ಗಂಟೆಗೊಮ್ಮೆ ಜಾಗ ಬದಲಿಸಬೇಕು. ಮೂರೇ ಬೇಡಿಕೆ. ನನ್ನ ಹತ್ತಿರ ತಂದು ತೋರಿಸಿದಾಗ ನಾನು ತಿದ್ದಿದ್ದು ಎರಡು ಕಾಗುಣಿತ ಅಷ್ಟೆ.

ಎಕ್ಸಾಸ್ಟ್ ಇನ್ನೂ ಬಂದಿಲ್ಲ. ಜಾಗ ಬದಲಿಸುವುದು ಶುರುವಾಗಿದೆ. ಕ್ಯಾನಿನ ಮೇಲೆ ಒಂದು ಚೀಟಿ ಅಂಟಿಸಿದ್ದಾರಂತೆ. ಅದರಲ್ಲಿರುವ ಹೆಸರನ್ನು ಅವಳು ಅಂಗೈ ಮೇಲೆ ಪೆನ್ನಿನಲ್ಲಿ ಬರೆದುಕೊಂಡು ಬಂದು, ಡಾಕ್ಟರಮ್ಮನಿಗೆ ತೋರಿಸಿದಳು.

ಇನ್ನು ಮುಂದೆ ಯಾರಾದರೂ ಕೇಳಿದರೆ ಅವಳು 'ಗೊತ್ತಿಲ್ಲ' ಅನ್ನುವುದಿಲ್ಲ. ನೀವೂ ನಾಳೆ ಕೆಲಸಕ್ಕೆ ಹೋದಾಗ ನಿಮ್ಮ ಪಕ್ಕದ ಕ್ಯಾನಿನ ಹೆಸರು ಓದಿಕೊಂಡು ಬನ್ನಿ. ಅಲ್ಲಿಂದ ಶುರು ಮಾಡೋಣ.